ಎಷ್ಟು ಮೇಷ್ಟ್ರ ಮುನ್ನೂರ ಇಪ್ಪತ್ತೈದು

"ಎಷ್ಟು?" ಎಂಬ ಒಂದೇ ಒಂದು ಪದವನ್ನು ಮನುಷ್ಯನೊಬ್ಬ ದಿನಕ್ಕೆ ಎಷ್ಟು ಸಲ ಉಚ್ಚರಿಸಬಲ್ಲ ಎಂಬುದನ್ನು ನಾನು ಒಮ್ಮೆ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಕುಳಿತು, ಕೆಲಸವಿಲ್ಲದ ಬಡಗಿಯ ಹಾಗೆ, ಎಣಿಸಿದ್ದೆ. ಬೆಳಗಿನ ಮೊದಲ ಗಂಟೆಯಿಂದ ಸಂಜೆಯ ಕೊನೆಯ ಗಂಟೆಯವರೆಗೆ ಅರವತ್ತೆಂಟು ಸಲ. ಹಾಗೆ ಕೇಳುತ್ತಿದ್ದವರು ನನ್ನ ಪಕ್ಕದ ಮೇಜಿನ ಭೌತಶಾಸ್ತ್ರದ ಅಧ್ಯಾಪಕರು. ಇವತ್ತು ಬಿಸಿಲು ಜೋರು ಎಂದರೆ "ಎಷ್ಟು?" ನನಗೆ ತಲೆನೋವು ಎಂದರೆ "ಎಷ್ಟು?" ಪ್ರಾಂಶುಪಾಲರು ಕೆಂಡವಾಗಿದ್ದಾರೆ ಎಂದು ಜವಾನ ಏದುಸಿರು ಬಿಡುತ್ತ ಓಡಿಬಂದು ಹೇಳಿದರೂ, ಕನ್ನಡಕದ ಮೇಲಂಚಿನಿಂದ ಅವನನ್ನು ನೋಡಿ, ಕುಚೋದ್ಯದ ಲವಲೇಶವೂ ಇಲ್ಲದ ಶುದ್ಧ ಜಿಜ್ಞಾಸೆಯಿಂದ, "ಎಷ್ಟು?" ವಿದ್ಯಾರ್ಥಿಗಳು ಅವರಿಗೆ ಎಷ್ಟು ಮೇಷ್ಟ್ರು ಎಂದು ನಾಮಕರಣ ಮಾಡಿದ್ದರು. ಅದು ಒಂದು ದಿನ ಅವರ ಕಿವಿಗೂ ಬಿತ್ತು. "ಎಷ್ಟು ಜನ ಹಾಗಂತಾರೆ?" ಎಂದಷ್ಟೇ ಕೇಳಿದರು.

ಆಳು ಸಣಕಲು, ನಡಿಗೆ ಮಾತ್ರ ಅಳತೆಗೋಲು. ಒಂದು ಹೆಜ್ಜೆಗೆ ಎಪ್ಪತ್ತೆರಡು ಸೆಂಟಿಮೀಟರು, ಏರಿರಲಿ ಇಳಿಜಾರಿರಲಿ, ಹಿಂದೆ ನಾಯಿ ಬೊಗಳುತ್ತಿರಲಿ. ನಾನು ಅದೇ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದವನು. ಮನೆಯ ದಾರಿ ಇಬ್ಬರದೂ ಒಂದೇ ಆಗಿದ್ದರಿಂದ ಸಂಜೆ ಜೊತೆಯಾಗಿ ಹೊರಡುತ್ತಿದ್ದೆವು. ಆದರೆ ಅವರೊಂದಿಗೆ ನಡೆಯುವುದೆಂದರೆ ಪ್ರಾಣಸಂಕಟ. ಯಾವುದೋ ಪದ್ಯದ ರಸಸ್ಥಾನದಲ್ಲಿ ನಾನು ಮೈಮರೆತು ರಸ್ತೆಯ ನಡುವೆ ನಿಂತುಬಿಟ್ಟರೆ, ಅವರು ನಿಲ್ಲದೆ, ತುಟಿಯೊಳಗೇ ಮುನ್ನೂರ ಹನ್ನೊಂದು, ಮುನ್ನೂರ ಹನ್ನೆರಡು ಎಂದು ಹೆಜ್ಜೆಯೆಣಿಸುತ್ತ ಮುಂದೆ ಸಾಗಿಬಿಡುವರು. ಆಮೇಲೆ ತಿರುವಿನಲ್ಲಿ ಕಾದು ನಿಂತು, "ಪಂಡಿತರೇ, ನಿಮ್ಮ ಒಂದು ಉಪಮೆಗೆ ನಾಲ್ಕು ನಿಮಿಷ ಹೋಯ್ತು ನೋಡಿ" ಎನ್ನುವರು. ಅವರು ನನ್ನನ್ನು ಪಂಡಿತರೇ ಎಂದೇ ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ತಮಾಷೆ ಎಷ್ಟು ಎಂಬುದನ್ನು ನಾನು ಅಳೆಯಹೋಗಲಿಲ್ಲ.

ಅವರ ಬೂದುಬಣ್ಣದ ಕೋಟನ್ನು ಕುರಿತು ಎರಡು ಮಾತು ಹೇಳದಿದ್ದರೆ ಚಿತ್ರ ಅಪೂರ್ಣವಾದೀತು. ಅದರ ಹೊರಜೇಬುಗಳಲ್ಲಿ ಒಂದು ಪೀನ ಮಸೂರ, ಸೆಂಟಿಮೀಟರಿಗೊಂದು ಗಂಟು ಹಾಕಿದ ದಾರದ ಉಂಡೆ, ಕರೆಂಟು ಬರುತ್ತಿದೆಯೇ ಎಂದು ನೋಡುವ ಟೆಸ್ಟರು ಮತ್ತು ಮೊಂಡಾದ ಸೀಮೆಸುಣ್ಣ ಸದಾ ಇರುತ್ತಿದ್ದವು. ಕರವಸ್ತ್ರವೊಂದನ್ನು ಬಿಟ್ಟು ಉಳಿದದ್ದೆಲ್ಲ ಇರುತ್ತಿತ್ತು ಎನ್ನಿ. ಎಡತೋಳಿನ ಮೇಲೊಂದು ಸುಟ್ಟ ತೂತು. ಒಮ್ಮೆ ಮಸೂರವನ್ನು ಕಿಟಕಿಯ ಅಂಚಿನಲ್ಲಿ ಆನಿಸಿಟ್ಟು ಮರೆತು ತರಗತಿಗೆ ಹೋಗಿದ್ದಾಗ, ಬಿಸಿಲು ಅದರ ಮೂಲಕ ಇಳಿದು ಕುರ್ಚಿಯ ಮೇಲಿದ್ದ ಕೋಟನ್ನು ಸುಟ್ಟಿತ್ತು. ಹೊಗೆ ಕಂಡು ನಾವೆಲ್ಲ ಗಾಬರಿಯಿಂದ ನೀರು ತಂದರೆ, ಇವರು ಬಂದವರೇ ಕೋಟನ್ನು ಕೊಡವಲಿಲ್ಲ; ದಾರ ತೆಗೆದು ಮಸೂರಕ್ಕೂ ತೂತಿಗೂ ಇದ್ದ ದೂರವನ್ನು ಅಳೆದರು. "ಇಪ್ಪತ್ತೈದು! ಮಸೂರದ ಕಂಪನಿಯವರು ಹೇಳಿದ ನಾಭಿದೂರ ಸುಳ್ಳಲ್ಲ" ಎಂದು ಹಿಗ್ಗಿದರು. ತೂತಿಗೆ ತೇಪೆ ಹಾಕಿಸಲು ಯಾರು ಎಷ್ಟು ಹೇಳಿದರೂ ಒಪ್ಪಲಿಲ್ಲ.

ಆ ತೂತು ಆಮೇಲೆ ಅವರ ಪುಸ್ತಕದ ಮೂವತ್ತೊಂದನೆಯ ಲೆಕ್ಕವಾಯಿತು. ಪುಸ್ತಕವೆಂದರೆ ಬೆಳಕು, ಪರ್ಯಾಯ ವಿದ್ಯುತ್ತು ಮತ್ತು ವಿದ್ಯುತ್ಕಾಂತೀಯ ತರಂಗಗಳನ್ನು ಕುರಿತು, ಹೊಸದಾಗಿ ಭೌತಶಾಸ್ತ್ರ ಓದುವವರಿಗಾಗಿ, ಕನ್ನಡದಲ್ಲಿ ಅವರು ಹನ್ನೆರಡು ವರ್ಷ ಕೂಡಿಸಿದ ಇನ್ನೂರು ಲೆಕ್ಕಗಳ ಸಂಕಲನ. ಉಳಿದ ಪುಸ್ತಕಗಳ ಮೇಲೆ ಅವರಿಗೆ ಬಲವಾದ ಮುನಿಸಿತ್ತು. "'ಒಂದು ವಸ್ತುವನ್ನು ನಿಮ್ನ ದರ್ಪಣದ ಮುಂದೆ ಇಡಲಾಗಿದೆ' ಅಂತ ಬರೀತಾರೆ. ಯಾವ ವಸ್ತು? ಯಾರು ಇಟ್ಟೋರು? ಅವರಿಗೇನು ಬೇರೆ ಕೆಲಸ ಇರಲಿಲ್ವಾ?" ಎಂದು ಗದರುತ್ತಿದ್ದರು. ತಾವು ಕೈಯಾರೆ ಅಳೆಯದ ಒಂದು ಅಂಕಿಯನ್ನೂ ಲೆಕ್ಕದಲ್ಲಿ ಇಡಕೂಡದೆಂಬುದು ಅವರ ವ್ರತ. ಆದ್ದರಿಂದ ಅವರ ಪುಸ್ತಕದಲ್ಲಿ ನಿಮ್ನ ದರ್ಪಣವೆಂದರೆ ಅವರು ದಾಡಿ ಮಾಡಿಕೊಳ್ಳುವ ಕನ್ನಡಿ, ವಸ್ತುವೆಂದರೆ ಅವರದೇ ಮೂಗು.

ಈ ವ್ರತದ ಫಲವನ್ನು ಹೆಚ್ಚಾಗಿ ಉಂಡವರು ಅವರ ಪತ್ನಿ. ನಾನು ಅವರನ್ನು ಅತ್ತಿಗೆ ಎನ್ನುತ್ತಿದ್ದೆ. ಅಡಿಯಿಂದ ಮುಡಿಯವರೆಗೆ ಕಾಣುವಂಥ ನಿಲುವುಗನ್ನಡಿ ಬೇಕೆಂದು ಅತ್ತಿಗೆ ಬಹುಕಾಲ ಕೇಳಿದ ಮೇಲೆ ಮೇಷ್ಟ್ರು ಒಂದು ದಿನ ಅವರನ್ನು ಗೋಡೆಗೆ ನಿಲ್ಲಿಸಿ ಅಳೆದು, ನೂರ ಐವತ್ತೆರಡು ಸೆಂಟಿಮೀಟರೆಂದು ಬರೆದುಕೊಂಡು ಪೇಟೆಗೆ ಹೋಗಿ, ಸರಿಯಾಗಿ ಎಪ್ಪತ್ತಾರು ಸೆಂಟಿಮೀಟರಿನ ಕನ್ನಡಿ ತಂದರು. ನಮ್ಮ ಪೂರ್ತಿ ರೂಪ ಕಾಣಲು ನಮ್ಮ ಅರ್ಧದಷ್ಟು ಕನ್ನಡಿ ಸಾಕು, ಅದಕ್ಕಿಂತ ಹೆಚ್ಚಾದ ಗಾಜು ದುಂದು ಎಂದು ಸಿದ್ಧಾಂತವನ್ನೂ ವಿವರಿಸಿ, ತಕ್ಕ ಎತ್ತರದಲ್ಲಿ ಮೊಳೆ ಹೊಡೆದು ತೂಗುಹಾಕಿದರು. ಸಿದ್ಧಾಂತ ಸರಿಯಾಗಿಯೇ ಇತ್ತು. ಆದರೆ ಅತ್ತಿಗೆ ನೆತ್ತಿಯ ಮೇಲೆ ತುರುಬು ಕಟ್ಟುತ್ತಿದ್ದರು. ಮಹಾಶಯರು ಅದನ್ನು ಅಳೆಯಲು ಮರೆತಿದ್ದರು.

"ಕನ್ನಡಿ ತರ್ತೀನಿ ಅಂತ ಹೋಗಿ ನನ್ನ ತುರುಬು ಕತ್ತರಿಸಿಕೊಂಡು ಬಂದ್ರು ನೋಡಿ" ಎಂದು ಅತ್ತಿಗೆ ನನ್ನಲ್ಲಿ ದೂರಿತ್ತರು. ಮೇಷ್ಟ್ರು ತುರುಬನ್ನು ಅಳೆದರು. ಐದು ಸೆಂಟಿಮೀಟರು. ಮರುದಿನ ಎರಡೂವರೆ ಸೆಂಟಿಮೀಟರಿನ ಕನ್ನಡಿಯ ಪಟ್ಟಿಯೊಂದನ್ನು ಕತ್ತರಿಸಿ ತಂದು ಮೇಲೆ ಅಂಟಿಸಿದರು. ಆ ಮನೆಯಲ್ಲಿ ಅತ್ತಿಗೆಯ ಪ್ರತಿಬಿಂಬಕ್ಕೆ ಈಗಲೂ ಹಣೆಯ ಮೇಲುಗಡೆ ಒಂದು ಗೆರೆಯಿದೆ. ಪುಸ್ತಕದಲ್ಲಿ ಅದು ಹದಿನೇಳು ಮತ್ತು ಹದಿನೆಂಟನೆಯ ಲೆಕ್ಕ.

ಮಗಳು ತಂದುಕೊಟ್ಟ ಮೈಕ್ರೋವೇವ್ ಒಲೆಯ ಕಥೆಯೂ ಇಂಥದೇ. ಅದರೊಳಗೆ ತಿರುಗುವ ತಟ್ಟೆಯನ್ನು ತೆಗೆದುಹಾಕಿ, ಅಗಲವಾದ ಪಿಂಗಾಣಿಯ ಮೇಲೆ ಬೆಣ್ಣೆಯನ್ನು ತೆಳ್ಳಗೆ ಸವರಿ ಇಟ್ಟು, ಇಪ್ಪತ್ತು ಸೆಕೆಂಡು ಬಿಸಿಮಾಡಿದರು. ಬೆಣ್ಣೆ ಎಲ್ಲೆಡೆ ಕರಗದೆ ಅಲ್ಲಲ್ಲಿ ಚುಕ್ಕಿಚುಕ್ಕಿಯಾಗಿ ಕರಗಿತು. ಎರಡು ಚುಕ್ಕಿಗಳ ನಡುವಿನ ದೂರ ತರಂಗದೂರದ ಅರ್ಧವಂತೆ. ಅದನ್ನು ಅಳೆದು, ಇಮ್ಮಡಿಸಿ, ಒಲೆಯ ಬೆನ್ನ ಮೇಲೆ ಅಚ್ಚಾಗಿದ್ದ ಆವೃತ್ತಿಯಿಂದ ಗುಣಿಸಿದರೆ ಬೆಳಕಿನ ವೇಗ ಸಿಕ್ಕಬೇಕು. ಸಿಕ್ಕಿತು ಕೂಡ; ಸೆಕೆಂಡಿಗೆ ಇಪ್ಪತ್ತೊಂಬತ್ತು ಕೋಟಿ ಎಂಬತ್ತೊಂಬತ್ತು ಲಕ್ಷ ಮೀಟರು. "ಒಂಬತ್ತು ಲಕ್ಷ ಕಡಿಮೆ ಬಿತ್ತು ಅಂತ ಊಟ ಬಿಟ್ಟು ಕೂತಿದ್ರು. ನನ್ನ ಬೆಣ್ಣೆ ಕಡಿಮೆ ಆಗಿದ್ದನ್ನ ಮಾತ್ರ ಯಾರೂ ಎಷ್ಟು ಅಂತ ಕೇಳಲಿಲ್ಲ" ಎಂದರು ಅತ್ತಿಗೆ. ಅಬ್ಬಾ, ಆ ದಂಪತಿಗಳ ಜಗಳ ಕೇಳುವುದೇ ಒಂದು ಸುಖ.

ಈಗ ನನ್ನ ಕಥೆಗೆ ಬರುತ್ತೇನೆ. ಬರಲು ಮನಸ್ಸಿಲ್ಲ, ಆದರೂ ಬರಲೇಬೇಕು.

ಪುಸ್ತಕದ ಹಸ್ತಪ್ರತಿ ಮುಗಿದಾಗ ಮೇಷ್ಟ್ರು ಅದನ್ನು ನನ್ನ ಮೇಜಿನ ಮೇಲಿಟ್ಟು, "ಪಂಡಿತರೇ, ಅಂಕಿ ನಂದು, ಅಕ್ಷರ ನಿಮ್ಮದು. ಕರಡಚ್ಚು ಬಂದಾಗ ಭಾಷೆ ಸ್ವಲ್ಪ ನೋಡಿಬಿಡಿ" ಎಂದರು. ನಾನು ಹಿರಿಹಿರಿ ಹಿಗ್ಗಿದೆ. ಕರಡು ತಿದ್ದುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಅಹಂಕಾರ ನನಗಿತ್ತು; ಹಸಿರು ಶಾಯಿಯ ಪೆನ್ನು ಕೈಗೆ ಬಂದರೆ ತಪ್ಪಿಲ್ಲದ ಕಡೆಯೂ ತಪ್ಪು ಕಾಣುವ ಚಟ. ಕರಡಚ್ಚು ಬಂದ ಹೊತ್ತಿಗೆ ಮೇಷ್ಟ್ರೂ ಅತ್ತಿಗೆಯೂ ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೋಗಿದ್ದರು. ಕಾಲೇಜು ತೆರೆಯುವುದರೊಳಗೆ ಪುಸ್ತಕ ಆಗಬೇಕೆಂದು ಪ್ರೆಸ್ಸಿನವರದು ಒಂದೇ ಅವಸರ. ನಾನೊಬ್ಬನೇ ಕುಳಿತು, ಕಾಮಾ ಕಳೆದು, ಷಷ್ಠೀವಿಭಕ್ತಿ ಸರಿಪಡಿಸಿ, ಕೊನೆಗೆ ಉತ್ತರಗಳ ಪುಟಕ್ಕೆ ಬಂದೆ.

ನೂರ ನಲವತ್ತಮೂರನೆಯ ಲೆಕ್ಕ. ಮನೆಗೆ ಬರುವ ಪರ್ಯಾಯ ವಿದ್ಯುತ್ತು ಮೀಟರಿನಲ್ಲಿ ಇನ್ನೂರ ಮೂವತ್ತು ವೋಲ್ಟ್ ತೋರಿಸುತ್ತದೆ. ಅದಕ್ಕೆ ನೇರವಾಗಿ ಜೋಡಿಸುವ ಕೆಪಾಸಿಟರು, ಎಂದರೆ ವಿದ್ಯುತ್ತನ್ನು ಹಿಡಿದಿಡುವ ಡಬ್ಬಿ, ಕನಿಷ್ಠ ಎಷ್ಟು ವೋಲ್ಟನ್ನು ತಡೆದುಕೊಳ್ಳುವಂತಿರಬೇಕು? ಉತ್ತರ, ಮುನ್ನೂರ ಇಪ್ಪತ್ತೈದು. ನನಗೆ ನಗು ಬಂತು. ಬರುವುದೇ ಇನ್ನೂರ ಮೂವತ್ತಾದರೆ ಮುನ್ನೂರ ಇಪ್ಪತ್ತೈದನ್ನು ತಡೆಯುವ ಅಗತ್ಯವೇನು? ಎರಡು ಸೇರು ಹಾಲಿಗೆ ಮೂರು ಸೇರಿನ ಪಾತ್ರೆಯೇ? ಅಕ್ಷರ ಜೋಡಿಸುವವನ ಕೈತಪ್ಪೇ ಸರಿ ಎಂದುಕೊಂಡೆ. ಮೇಷ್ಟ್ರಿಗೆ ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ಹಸಿರು ಶಾಯಿಯಲ್ಲಿ ಹೊಡೆದುಹಾಕಿ, ಇನ್ನೂರ ಮೂವತ್ತು ಎಂದು ದುಂಡಗೆ ಬರೆದು, ಪ್ರೆಸ್ಸಿಗೆ ಕಳಿಸಿ ಕೈತೊಳೆದುಕೊಂಡೆ.

ಐನೂರು ಪ್ರತಿ ಅಚ್ಚಾಯಿತು. ಪಂಡಿತರು ನೋಡಿದ ಮೇಲೆ ಮುಗಿಯಿತು ಎಂದು ಮೇಷ್ಟ್ರು ಉತ್ತರಗಳ ಪುಟವನ್ನು ತಿರುವಿಯೂ ನೋಡಲಿಲ್ಲ. ಜಗತ್ತಿನಲ್ಲಿ ಅವರು ಅಳೆಯದೆ ನಂಬಿದ ವಸ್ತು ನಾನೊಬ್ಬನೇ.

ಎರಡು ವರ್ಷ ಕಳೆದವು. ಒಂದು ಬೆಳಿಗ್ಗೆ ಅಧ್ಯಾಪಕರ ಕೊಠಡಿಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಪೇಟೆಯಲ್ಲಿ ಮೋಟಾರು ರಿಪೇರಿಯ ಅಂಗಡಿ ಇಟ್ಟವನು, ಮೇಷ್ಟ್ರ ಪುಸ್ತಕವನ್ನು ಅಂಗಡಿಯ ಗೂಡಿನಲ್ಲೇ ಇಟ್ಟುಕೊಂಡವನು. ಹಣೆಗೆ ದಪ್ಪನೆಯ ಬ್ಯಾಂಡೇಜು, ಕೈಯಲ್ಲಿ ಎಣ್ಣೆ ಮೆತ್ತಿದ ಅದೇ ಪುಸ್ತಕ.

"ಸಾರ್, ಬೇಜಾರ್ ಮಾಡ್ಕೋಬೇಡಿ. ಇಲ್ಲಿ ಇನ್ನೂರ ಮೂವತ್ತು ಅಂತ ಇದೆ. ನಾನು ಇಪ್ಪತ್ತು ಜಾಸ್ತಿ ಇರ್ಲಿ ಅಂತ ಇನ್ನೂರ ಐವತ್ತರ ಕೆಪಾಸಿಟರ್ ಹಾಕ್ದೆ. ಸ್ವಿಚ್ ಒತ್ತಿ ಸ್ವಲ್ಪ ಹೊತ್ತಿಗೆ ಢಂ ಅಂತು. ಮುಚ್ಚಳ ಹಾರಿ ಬಂದು ಹುಬ್ಬಿಗೆ ಹೊಡೀತು. ಒಂದು ಬೆರಳು ಕೆಳಗೆ ಬಿದ್ದಿದ್ರೆ ಕಣ್ಣು ಹೋಗ್ತಿತ್ತು ಅಂದ್ರು ಡಾಕ್ಟ್ರು. ನಾನು ಎಲ್ಲಿ ತಪ್ಪಿದೆ ಸಾರ್?"

ಆ ಬಡಪಾಯಿ ಜಗಳಕ್ಕೆ ಬಂದಿರಲಿಲ್ಲ, ತನ್ನದೇ ತಪ್ಪೆಂದು ನಂಬಿ ಕೇಳಲು ಬಂದಿದ್ದ. ಮೇಷ್ಟ್ರು ಪುಸ್ತಕ ತೆಗೆದುಕೊಂಡು ಪುಟ ನೋಡಿದರು. ಮುಖ ಸುಣ್ಣದಂತಾಯಿತು. ಒಂದು ಬೆರಳೆಂದರೆ ಎಷ್ಟು ಎಂದು ಅವರು ಕೇಳಲಿಲ್ಲ. ಎದ್ದು ನಿಂತು, ಬ್ಯಾಂಡೇಜಿನ ಅಂಚನ್ನು ಬೆರಳ ತುದಿಯಿಂದ ಮುಟ್ಟಿ, "ನೀನು ತಪ್ಪಿಲ್ಲ ಕಣಪ್ಪ. ತಪ್ಪು ನಂದು. ಕೂತ್ಕೋ" ಎಂದರು.

ಕೂರಿಸಿ, ಮೇಜಿನ ಮೇಲೆಯೇ ಸೀಮೆಸುಣ್ಣದಲ್ಲಿ ಏರಿಳಿಯುವ ಅಲೆಯೊಂದನ್ನು ಬರೆದು ವಿವರಿಸಿದರು. "ನೋಡು, ಈ ಕರೆಂಟು ಒಂದೇ ಸಮ ಇರೋದಲ್ಲ, ಏರತ್ತೆ, ಇಳಿಯತ್ತೆ. ಮೀಟರ್ ತೋರಿಸೋದು ಅದರ ಸಂಸಾರದ ಲೆಕ್ಕ, ಒಟ್ಟಾರೆ ಎಷ್ಟು ಕೆಲಸ ಮಾಡತ್ತೆ ಅಂತ. ಸಿಟ್ಟಿನ ಲೆಕ್ಕ ಬೇರೆ. ಸೆಕೆಂಡಿಗೆ ನೂರು ಸಲ ಅದು ಮುನ್ನೂರ ಇಪ್ಪತ್ತೈದಕ್ಕೆ ಹೋಗಿ ಬರತ್ತೆ. ತಡ್ಕೊಳ್ಳೋನು ಆ ತುದೀನ ತಡ್ಕೋಬೇಕು, ಮೀಟರಿನ ಅಂಕೀನಲ್ಲ."

ಪಕ್ಕದ ಮೇಜಿನಲ್ಲಿ ಕುಳಿತಿದ್ದ ನನಗೆ ಜೀವಮಾನದಲ್ಲಿ ಪೂರ್ತಿಯಾಗಿ ಅರ್ಥವಾದ ಭೌತಶಾಸ್ತ್ರದ ಪಾಠ ಅದೊಂದೇ. ಮುನ್ನೂರ ಇಪ್ಪತ್ತೈದು ಎಂಬ ಅಂಕಿ ಕಿವಿಗೆ ಬಿದ್ದೊಡನೆ ನನ್ನ ಹಸಿರು ಗೆರೆ ಕಣ್ಣೆದುರು ನಿಂತಿತು. ಆಗಲೇ ಎದ್ದು ಹೇಳಬೇಕಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ.

ನಾಳೆಯೊಳಗೆ ಮೇಷ್ಟ್ರು ನಿರ್ಧಾರ ಮಾಡಿಯಾಗಿತ್ತು. ಐನೂರು ಪ್ರತಿಗಳನ್ನೂ ಹುಡುಕಿ, ಒಂದೊಂದರಲ್ಲೂ ತಮ್ಮ ಕೈಯಿಂದಲೇ ಉತ್ತರವನ್ನು ತಿದ್ದಬೇಕು! ಪತ್ರಿಕೆಯಲ್ಲಿ ಒಂದು ತಿದ್ದುಪಡಿ ಹಾಕಿಸಿದರೆ ಸಾಲದೇ ಎಂದು ಗ್ರಂಥಪಾಲಕರು ಕೇಳಿದರು. "ಪತ್ರಿಕೆ ಓದಿದವನ ಹತ್ತಿರ ಪುಸ್ತಕ ಇರಲ್ಲ, ಪುಸ್ತಕ ಇದ್ದವನು ಪತ್ರಿಕೆ ಓದಲ್ಲ" ಎಂದರು. ಕೋಟಿನ ಜೇಬಿಗೆ ಒಂದು ಪೆನ್ನೂ ಒಂದು ಚಿಕ್ಕ ಅಡಿಪಟ್ಟಿಯೂ ಹೊಸದಾಗಿ ಸೇರಿದವು. ಪುಸ್ತಕದಂಗಡಿಯಲ್ಲಿ ಉಳಿದಿದ್ದವನ್ನು ಒಂದೇ ದಿನದಲ್ಲಿ ಮುಗಿಸಿ, ಗ್ರಂಥಾಲಯಗಳನ್ನು ಮುಗಿಸಿ, ಆಮೇಲೆ ಪ್ರತಿ ಭಾನುವಾರ ಹಳೆಯ ವಿದ್ಯಾರ್ಥಿಗಳ ಮನೆಬಾಗಿಲು. ಎಪ್ಪತ್ತೆರಡು ಸೆಂಟಿಮೀಟರಿನ ಅದೇ ಹೆಜ್ಜೆ. ಜೊತೆಗೆ ನಾನೂ ಹೋಗುತ್ತಿದ್ದೆ. ಸ್ನೇಹಕ್ಕಾಗಿ ಬರುತ್ತಿದ್ದೇನೆಂದು ಜನ ತಿಳಿದಿದ್ದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಒಂದು ಮನೆಯಲ್ಲಿ ಪುಸ್ತಕ ಊಟದ ಮೇಜಿನ ಕುಂಟುಗಾಲಿನ ಕೆಳಗಿತ್ತು. ಮನೆಯಾಕೆ ನಾಚಿ ನೀರಾದರು. ಮೇಷ್ಟ್ರು ನನ್ನ ಕೈಯಲ್ಲಿ ಮೇಜನ್ನು ಎತ್ತಿಸಿ, ನೆಲದ ಮೇಲೆ ಕುಳಿತು ಉತ್ತರ ತಿದ್ದಿ, ಸಹಿ ಹಾಕಿ, ಪುಸ್ತಕವನ್ನು ಮತ್ತೆ ಅದೇ ಕಾಲಿನ ಕೆಳಗೆ ತೂರಿಸಿ, "ಸರಿಯಾಗೇ ಕೂತಿದೆ. ಎರಡು ಪುಟ ಜಾಸ್ತಿ ಬರೆದಿದ್ರೆ ಆ ಕಡೆ ವಾಲ್ತಿತ್ತು" ಎಂದು ಸಮಾಧಾನ ಹೇಳಿದರು. ಬಟ್ಟೆಯಂಗಡಿ ಇಟ್ಟಿದ್ದ ಇನ್ನೊಬ್ಬ, "ನಾನು ಆ ಪುಸ್ತಕ ಬಿಚ್ಚೇ ಇಲ್ಲ ಸಾರ್, ಬಿಚ್ಚೋದೂ ಇಲ್ಲ, ಬಿಡಿ" ಎಂದು ನಕ್ಕ. "ನೀನು ಬಿಚ್ಚದಿದ್ರೆ ಇನ್ನೊಬ್ಬರು ಬಿಚ್ತಾರೆ. ತಾ ಇಲ್ಲಿ" ಎಂದರು. ಮತ್ತೊಂದೆಡೆ ಉತ್ತರಗಳ ಪುಟಗಳೇ ಹರಿದುಹೋಗಿದ್ದವು. ರಟ್ಟಿನ ಒಳಬದಿಗೆ ನೂರ ನಲವತ್ತಮೂರು, ಮುನ್ನೂರ ಇಪ್ಪತ್ತೈದು ಎಂದು ಬರೆದೇ ಹೊರಟರು.

ಪ್ರತಿ ಭಾನುವಾರವೂ ಹೊರಡುವಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಪ್ರತಿ ಮನೆಯಲ್ಲೂ ಅವರು "ನನ್ನ ತಪ್ಪಾಯ್ತು" ಎನ್ನುವಾಗ ನೆಲ ನೋಡುತ್ತಿದ್ದೆ. ಇಷ್ಟು ವರ್ಷದ ಸ್ನೇಹ ಒಂದು ಮಾತಿಗೆ ಮುರಿದುಬಿದ್ದರೆ ಎಂಬ ಹೆದರಿಕೆ ಒಂದು. ಕರಡು ತಿದ್ದುವವನೆಂಬ ಕೀರ್ತಿಗೆ ಮಸಿಯಾದೀತೆಂಬ ಹೆದರಿಕೆ ಇನ್ನೊಂದು. ಎರಡನೆಯದೇ ದೊಡ್ಡದಿತ್ತೆಂದು ಹೇಳಲು ಈಗ ನನಗೆ ಸಂಕೋಚವಿಲ್ಲ.

ಹೀಗೆ ಎರಡು ವರ್ಷಕ್ಕೂ ಮಿಕ್ಕಿ ಮನೆಮನೆ ಸುತ್ತಿದ ಮೇಲೆ, ಕೊನೆಗೊಂದು ಭಾನುವಾರ ಮಧ್ಯಾಹ್ನ ಮೇಷ್ಟ್ರು ನನ್ನ ಮನೆಯಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದರು. "ಕೆಲಸ ಮುಗೀತು ಪಂಡಿತರೇ. ನಾನೂರ ಎಂಬತ್ತೊಂದು ತಿದ್ದಿದೆ. ಹದಿನೆಂಟು ಇನ್ನು ಸಿಗೋದಿಲ್ಲ" ಎಂದರು. ಲೆಕ್ಕದಲ್ಲಿ ನಾನು ಎಷ್ಟೇ ದಡ್ಡನಾದರೂ ಕೂಡುವುದು ಬರುತ್ತದೆ. ಇನ್ನೊಂದು ಪ್ರತಿ ನನ್ನದೇ. ಅವರು ಕುಳಿತ ಕುರ್ಚಿಯ ಹಿಂದಿನ ಕಪಾಟಿನಲ್ಲಿ, ಕಣ್ಣಿಗೆ ಬೀಳುವಂತೆ ಇತ್ತು. ಇಷ್ಟು ದಿನ ಬಂದುಹೋದರೂ ಅದನ್ನು ಅವರು ಒಮ್ಮೆಯೂ ಕೇಳಿರಲಿಲ್ಲ. ಮರೆತಿದ್ದಾರೆ ಎಂದುಕೊಂಡಿದ್ದೆ. ಎಂಥ ಮೂಢ ನಾನು! ಅವರು ಮರೆಯುವುದುಂಟೇ?

ಪುಸ್ತಕವನ್ನು ತೆಗೆದು ಅವರ ಮುಂದಿಟ್ಟೆ. "ಮೇಷ್ಟ್ರೇ, ನೀವು ಸರಿಯಾಗೇ ಬರೆದಿದ್ರಿ. ಅದನ್ನ ಹೊಡೆದುಹಾಕಿದ್ದು ನಾನು. ತುಂಬ ದಿನದಿಂದ ಹೇಳಬೇಕು ಅಂತ..."

"ಎಷ್ಟು?"

"ಎರಡು ವರ್ಷ ಆಯ್ತೇನೋ."

"ಎರಡು ವರ್ಷ ನಾಲ್ಕು ತಿಂಗಳು" ಎಂದು ಅವರು ಕೋಟಿನ ಒಳಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತೆಗೆದು ಬಿಡಿಸಿದರು. ನನ್ನ ಕರಡಚ್ಚಿನ ಹಾಳೆ. ಮಡಿಕೆಗಳು ಸವೆದಿದ್ದವು, ಹಸಿರು ಶಾಯಿ ಮಾತ್ರ ಮಾಸಿರಲಿಲ್ಲ. "ಅವನು ಬ್ಯಾಂಡೇಜ್ ಹಾಕ್ಕೊಂಡು ಬಂದಿದ್ನಲ್ಲ, ಅವತ್ತೇ ಸಂಜೆ ಪ್ರೆಸ್ಸಿಗೆ ಹೋಗಿ ಇಸ್ಕೊಂಡೆ."

"ಮತ್ತೆ ಒಂದು ಮಾತೂ ಆಡಲಿಲ್ಲವಲ್ಲ ನೀವು!"

"ಏನು ಆಡೋದು? ಪುಸ್ತಕದ ಮೇಲೆ ಹೆಸರು ನಂದು. ಅಚ್ಚಾಗಿ ಬಂದಾಗ ನಾನು ನೋಡಬೇಕಿತ್ತು, ನೋಡಲಿಲ್ಲ. ಅದು ನನ್ನ ಪಾಲು. ನಿಮ್ಮ ಪಾಲು ನೀವೇ ಹೇಳಬೇಕು, ನಾನು ಹೇಳಿದ್ರೆ ಏನು ಬಂತು?" ಹಾಳೆಯ ಹಸಿರು ಗೆರೆಯ ಮೇಲೆ ಬೆರಳಿಟ್ಟರು. "ನೀವು ಅನುಮಾನ ಪಟ್ಟಿದ್ದು ತಪ್ಪಲ್ಲ ಪಂಡಿತರೇ. ಇನ್ನೂರ ಮೂವತ್ತಕ್ಕೆ ಮುನ್ನೂರ ಇಪ್ಪತ್ತೈದು ಯಾಕೆ ಅಂತ ಅನ್ನಿಸೋದೇ ಆ ಲೆಕ್ಕದ ಜೀವ. ನನ್ನ ಕ್ಲಾಸಲ್ಲಿ ಮುಕ್ಕಾಲು ಜನಕ್ಕೆ ಅದೂ ಅನ್ನಿಸಲ್ಲ. ಆದ್ರೆ ನನ್ನನ್ನ ಒಂದು ಮಾತು ಕೇಳಬೇಕಿತ್ತು. ಅದು ತಪ್ಪು. ಎಲ್ಲಿ, ನಿಮ್ಮ ಹಸಿರು ಪೆನ್ನು ತನ್ನಿ."

ಆ ಬ್ಯಾಂಡೇಜಿನ ದಿನದಿಂದ ನಾನು ಅದನ್ನು ಮುಟ್ಟಿರಲಿಲ್ಲ. ಶಾಯಿ ಒಣಗಿ ಕಚ್ಚಿಕೊಂಡಿತ್ತು. ಮೇಷ್ಟ್ರು ಅದರ ಮೂತಿಯನ್ನು ನೀರಿನ ಲೋಟದಲ್ಲಿ ಅದ್ದಿ, ಒರೆಸಿ, ಬರೆಯುತ್ತದೆಯೇ ಎಂದು ಅಂಗೈ ಮೇಲೆ ಗೀಚಿ ನೋಡಿ, ನನ್ನ ಕೈಗೆ ಕೊಟ್ಟರು. "ನಾನೂರ ಎಂಬತ್ತೊಂದು ನಾನು ತಿದ್ದಿದೆ. ಇದೊಂದನ್ನ ನೀವು ತಿದ್ದಿ." ತಿದ್ದಿದೆ. ಕಣ್ಣು ಮಂಜಾಗಿ ಅಂಕಿ ವಕ್ರವಾಯಿತು. ಅವರು ಬಗ್ಗಿ ನೋಡಿ, "ಐದು ಆರಿನ ಥರ ಕಾಣತ್ತೆ" ಎಂದು ಇನ್ನೊಮ್ಮೆ ಬರೆಸಿದರು.

ಮರುದಿನ ಇಬ್ಬರೂ ಮೋಟಾರು ರಿಪೇರಿಯ ಅಂಗಡಿಗೆ ಹೋದೆವು. ನಾನು ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಅವನು ಹುಬ್ಬಿನ ಮೇಲಿನ ಗಾಯದ ಕಲೆ ಸವರಿಕೊಳ್ಳುತ್ತ, "ನೋವಂತೂ ಆಯ್ತು ಸಾರ್, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನೀವು ಕಲಿಸಿದ ಪದ್ಯ ಒಂದೂ ನೆನಪಿಲ್ಲ, ಈ ಲೆಕ್ಕ ಮಾತ್ರ ಸಾಯೋವರೆಗೂ ಮರೆಯಲ್ಲ" ಎಂದು ನಕ್ಕು, ಸ್ಟೂಲು ಒರೆಸಿ ಕೂರಿಸಿದ.

ಪುಸ್ತಕದ ಎರಡನೆಯ ಮುದ್ರಣ ಹೋದ ವರ್ಷ ಬಂತು. ಕರಡು ತಿದ್ದಲು ಮೇಷ್ಟ್ರು ಮತ್ತೆ ನನಗೇ ಕೊಟ್ಟಿದ್ದರು. ನೂರ ನಲವತ್ತಮೂರನೆಯ ಲೆಕ್ಕದ ಕೊನೆಗೆ ಒಂದು ವಾಕ್ಯ ಹೊಸದಾಗಿ ಸೇರಿತ್ತು: "ಮೀಟರು ತೋರಿಸುವುದಕ್ಕಿಂತ ಹೆಚ್ಚಿನ ವೋಲ್ಟ್ ಏಕೆ ಬೇಕೆಂಬುದನ್ನು, ಭೌತಶಾಸ್ತ್ರ ಓದದ ನಿಮ್ಮ ಆಪ್ತಮಿತ್ರರೊಬ್ಬರಿಗೆ ತಿಳಿಯುವಂತೆ ವಿವರಿಸಿ." ಅಲ್ಪವಿರಾಮ ಒಂದು ಹೆಚ್ಚಾಗಿದೆ ಎನಿಸಿತು. ಹೊಡೆಯಲಿಲ್ಲ, ಎದ್ದು ಅವರ ಮನೆಗೆ ಹೋಗಿ ಕೇಳಿದೆ. "ಇರ್ಲಿ ಬಿಡಿ" ಎಂದರು.

ಲೋಕದಲ್ಲಿ ಸದ್ದಿಲ್ಲದೆ ಕೆಲಸ ಮಾಡುವ ಈ ಜಾತಿಯ ಜನ ನಮಗೆ ಸದಾ ಒಂದೇ ಸಮನಾಗಿ ಕಾಣುತ್ತಾರೆ. ಅವರ ಮೀಟರು ಬೆಳಿಗ್ಗೆಯೂ ಸಂಜೆಯೂ ಇನ್ನೂರ ಮೂವತ್ತನ್ನೇ ತೋರಿಸುತ್ತದೆ. ನಾವು ಅದನ್ನು ನೋಡಿ, ಇವರಿಗೇನು, ಆರಾಮಾಗಿದ್ದಾರೆ ಎಂದುಕೊಂಡು, ನಮ್ಮ ತಪ್ಪನ್ನೂ ಒಂದಿಷ್ಟು ಅವರ ಹೆಗಲಿಗೆ ದಾಟಿಸಿ ನಿಶ್ಚಿಂತರಾಗುತ್ತೇವೆ. ಒಳಗೆ ಅವರು ತಡೆದುಕೊಂಡ ತುದಿ ಯಾವುದೆಂದು ಅವರಾಗಿ ಎಂದೂ ಹೇಳುವವರಲ್ಲ. ನಾವೇ ಹತ್ತಿರ ಹೋಗಿ "ಎಷ್ಟು?" ಎಂದು ಕೇಳಬೇಕು. ದಿನಕ್ಕೆ ಅರವತ್ತೆಂಟು ಸಲ ಆ ಮಾತು ಕಿವಿಗೆ ಬಿದ್ದರೂ, ಪಕ್ಕದ ಮೇಜಿನಲ್ಲೇ ಕುಳಿತು, ಎರಡು ವರ್ಷ ನಾಲ್ಕು ತಿಂಗಳು ನಾನು ಅವರನ್ನು ಹಾಗೆ ಕೇಳಲಿಲ್ಲ.